ಒಣಗಿದ ರೊಟ್ಟಿಗೆ ಔಷಧದ ಪಟ್ಟ ಬೇಡ

ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಪುಣೆ, ಮುಂಬೈ ಕಡೆಯ ಭಕ್ತರು ಮರಳುವಾಗ ಸೋಲಾಪುರದ ಶೇಂಗಾ ಚಟ್ನಿಯನ್ನೂ ಖಡಕ್ ರೊಟ್ಟಿಯ ಕಟ್ಟನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಹೋಗಲಿ, ಇನ್ನೂ ಹೆಚ್ಚು ಒಯ್ಯಲಿ. ನನ್ನ ತಕರಾರು ಇರುವುದು ಆ ಕಟ್ಟಿನ ಜೊತೆ ಪುಕ್ಕಟೆಯಾಗಿ ಸಿಗುವ ಮಾತಿನ ಮೇಲೆ. “ಖಡಕ್ ಅದರಿ ಇದು, ಎಷ್ಟ್ ತಿಂದ್ರೂ ಶುಗರ್ ಏರೂದಿಲ್ಲ.” ಅಂಗಡಿಯಲ್ಲಿ ಈ ಮಾತು ಕೇಳಿದರೆ ನಕ್ಕು ಬಿಡಬಹುದು, ಮಾರುವವರು ನಾಲ್ಕು ಒಳ್ಳೆಯ ಮಾತು ಆಡದೆ ಇರುತ್ತಾರೆಯೆ? ಆದರೆ ಅದೇ ಮಾತನ್ನು ಆರೋಗ್ಯ ಶಿಬಿರದ ವೇದಿಕೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಬೆಳಗಿನ ವಾಯುವಿಹಾರದ ಗುಂಪಿನಲ್ಲಿ ಕಲಿತವರೂ ಆಡುತ್ತಿದ್ದಾರೆ. ಅವರ ಬಾಯಲ್ಲಿ ಅದಕ್ಕೊಂದು ಶಾಸ್ತ್ರವೂ ಹುಟ್ಟಿಕೊಂಡಿದೆ.

ರೊಟ್ಟಿ ಆರಿ ಒಣಗುವಾಗ ಅದರ ಪಿಷ್ಟ ‘ರೆಟ್ರೊಗ್ರೇಡೇಶನ್’ ಆಗುತ್ತದಂತೆ. ಹಾಗೆ ಆದದ್ದು ‘ರೆಸಿಸ್ಟೆಂಟ್ ಸ್ಟಾರ್ಚ್’ ಆಗಿಬಿಡುತ್ತದಂತೆ. ಅದನ್ನು ಕರುಳು ಮುಟ್ಟುವುದೇ ಇಲ್ಲವಂತೆ, ಆದ್ದರಿಂದ ರಕ್ತಕ್ಕೆ ಸಕ್ಕರೆ ಇಳಿಯುವುದೇ ಇಲ್ಲವಂತೆ. ಪಿಷ್ಟದ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ತಮ್ಮ ಪಾಡಿಗೆ ತಾವಿದ್ದ ಎರಡು ಪದಗಳು ಹೀಗೆ ವಾಟ್ಸಾಪಿನ ದಾರಿ ಹಿಡಿದು ನಮ್ಮ ಹಂಚಿನ ಮೇಲೆ ಬಂದು ಕೂತಿವೆ. ಯಾರೂ ಅವನ್ನು ಪ್ರಶ್ನಿಸುತ್ತಿಲ್ಲ. ಅರ್ಥವಾಗದ ಪದಕ್ಕೆ ನಮ್ಮಲ್ಲಿ ಮರ್ಯಾದೆ ಹೆಚ್ಚು.

ನಾನು ಹೇಳಬೇಕಾದದ್ದು ಇಷ್ಟು. ಖಡಕ್ ರೊಟ್ಟಿ ಖಡಕ್ ಆಗುವುದಕ್ಕೂ ರೆಟ್ರೊಗ್ರೇಡೇಶನ್ನಿಗೂ ಸಂಬಂಧವಿಲ್ಲ. ರೊಟ್ಟಿ ಬೇಗ ಒಣಗಿದಷ್ಟೂ ಆ ಕ್ರಿಯೆಗೆ ಅವಕಾಶವೇ ಕಡಿಮೆಯಾಗುತ್ತದೆ. ಅಂದಮೇಲೆ ಈ ಜನಪ್ರಿಯ ಶಾಸ್ತ್ರವನ್ನು ಅರ್ಧಸತ್ಯ ಎನ್ನುವುದೂ ಉದಾರವಾದೀತು. ಅದು ತಲೆಕೆಳಗಾದ ಶಾಸ್ತ್ರ.

ರೊಟ್ಟಿ ಬಡಿಯುವಲ್ಲಿಗೇ ಹೋಗಿ ನೋಡೋಣ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆದರೆ ಹಿಗ್ಗುವ ಅಂಟು ಇಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಸುರಿಯುತ್ತಾರೆ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ, ಒಳಗಿನ ಬಿಗಿ ಕಳೆದುಕೊಂಡು ಜಿಗಟಾಗುತ್ತವೆ. ಹಿಟ್ಟಿಗೆ ಜಿಗಿ ಬಂತು ಎನ್ನುವುದು ಇದನ್ನೇ. ಎಸರು ತಣ್ಣಗಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ. ಆಮೇಲೆ ನಾದಿ, ಅಂಗೈಯಲ್ಲಿ ತಟ್ಟಿ ತೆಳ್ಳಗೆ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯುತ್ತಾರೆ. ಮೆತ್ತನೆಯ ರೊಟ್ಟಿ ಬೇಕಿದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ಖಡಕ್ ಆಗಬೇಕಾದದ್ದನ್ನು ಸಣ್ಣ ಉರಿಯ ಮೇಲೆ ಅರಿವೆಯಿಂದ ಒತ್ತಿ ಒತ್ತಿ, ಇಲ್ಲವೇ ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಒಳಗಿನ ನೀರೆಲ್ಲ ಹೋಗುವ ತನಕ ಒಣಗಿಸುತ್ತಾರೆ. ಆ ಕೊನೆಯ ಹಂತದಲ್ಲಿ ರೊಟ್ಟಿಯಿಂದ ಹೊರಗೆ ಹೋದದ್ದು ನೀರು. ಪಿಷ್ಟ ಹಿಂದೆ ಎಷ್ಟಿತ್ತೋ ಅಷ್ಟೇ ಉಳಿದಿದೆ.

ಈಗ ಆ ಭಾರೀ ಪದದ ವಿಚಾರ. 1852ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬುಸೆಂಗೋ ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟು ಪರೀಕ್ಷಿಸಿದ. ನೀರಿನ ಒಂದು ಹನಿಯೂ ಹೊರಹೋಗದಿದ್ದರೂ ಬ್ರೆಡ್ಡು ಹಳತಾಗಿ ಗಡುಸಾಯಿತು. ಅದನ್ನೇ ಮತ್ತೆ ಬಿಸಿ ಮಾಡಿದಾಗ ಮೆತ್ತಗಾಯಿತು. ಹಳತಾಗುವುದು ಬೇರೆ, ಒಣಗುವುದು ಬೇರೆ ಎಂದು ಅವತ್ತೇ ಗೊತ್ತಾಗಿತ್ತು. 20ನೇ ಶತಮಾನದ ಮೊದಲ ಭಾಗದಲ್ಲಿ ಎಕ್ಸ್‌ರೇ ಪರೀಕ್ಷೆಗಳು ಕಾರಣವನ್ನೂ ತೋರಿಸಿದವು. ಪಿಷ್ಟವೆಂದರೆ ಗ್ಲುಕೋಸಿನ ಉದ್ದುದ್ದ ಸರಪಳಿಗಳು: ನೇರವಾದದ್ದು ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಬೇಯಿಸಿದಾಗ ಇವು ಸಿಕ್ಕುಸಿಕ್ಕಾದ ನೂಲಿನಂತೆ ಬಿಚ್ಚಿಕೊಳ್ಳುತ್ತವೆ. ಆರಿದ ಮೇಲೆ, ಒಳಗೆ ಸಾಕಷ್ಟು ನೀರು ಇದ್ದರೆ, ಎಳೆಗಳು ಮೆಲ್ಲಗೆ ಸರಿದಾಡಿ ಪಕ್ಕಪಕ್ಕಕ್ಕೆ ಬಂದು ಮತ್ತೆ ಹರಳುಗಟ್ಟುತ್ತವೆ. ಅಮೈಲೋಸಿಗೆ ಇದಕ್ಕೆ ಕೆಲವು ತಾಸು ಸಾಕು, ಅಮೈಲೋಪೆಕ್ಟಿನ್ನಿಗೆ ದಿನಗಳು ಬೇಕು. ಇದೇ ರೆಟ್ರೊಗ್ರೇಡೇಶನ್.

“ಒಳಗೆ ಸಾಕಷ್ಟು ನೀರು ಇದ್ದರೆ” ಎಂಬುದನ್ನು ನಮ್ಮ ಭಾಷಣಕಾರರು ಓದುವುದೇ ಇಲ್ಲ. ಎಳೆಗಳು ಸರಿದಾಡಲು ನೀರು ಬೇಕು. ಪಿಷ್ಟದಲ್ಲಿ ನೀರಿನ ಪಾಲು ಸುಮಾರು ಐದನೇ ಒಂದಕ್ಕಿಂತ ಕೆಳಗಿಳಿದರೆ ಈ ಹರಳುಗಟ್ಟುವಿಕೆ ಬಹುತೇಕ ನಿಂತುಹೋಗುತ್ತದೆ. ನೀರು ಅರ್ಧದಷ್ಟು ಇದ್ದು, ಜಾಗ ಫ್ರಿಜ್ಜಿನಷ್ಟು ತಂಪಾಗಿದ್ದರೆ ಅತಿ ವೇಗವಾಗಿ ನಡೆಯುತ್ತದೆ. ಖಡಕ್ ರೊಟ್ಟಿಯಲ್ಲಿ ನಡೆಯುವುದು ಇದರ ವಿರುದ್ಧ. ಬಿಸಿಬಿಸಿಯಾಗಿರುವಾಗಲೇ, ಸಿಕ್ಕುಸಿಕ್ಕಾದ ಎಳೆಗಳನ್ನು ಇದ್ದಲ್ಲೇ ಇದ್ದ ಹಾಗೆ ಒಣಗಿಸಿ ನಿಲ್ಲಿಸುತ್ತೇವೆ. ಅದರ ಗರಿಗರಿತನ ಗಾಜಿನ ಬಿರುಸಿನ ಜಾತಿಯದು. ರಸಾಯನಶಾಸ್ತ್ರಜ್ಞರು ಆ ಸ್ಥಿತಿಯನ್ನು ಗಾಜಿನ ಹೆಸರಿನಿಂದಲೇ ಕರೆಯುತ್ತಾರೆ.

ಇದಕ್ಕೆ ಪ್ರಯೋಗಶಾಲೆಯೂ ಬೇಡ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿದ್ದರೆ ಖಡಕ್ ರೊಟ್ಟಿ ಮೆತ್ತಗಾಗಿ ಕುಳಿತಿರುತ್ತದೆ. ಗಾಳಿಯ ತೇವ ಒಳಹೊಕ್ಕಿತು, ಗಾಜು ಸಡಿಲಾಯಿತು, ಅಷ್ಟೆ. ಹಂಚಿನ ಮೇಲಿಟ್ಟರೆ ಮತ್ತೆ ಖಡಕ್. ಬುಸೆಂಗೋನ ಬ್ರೆಡ್ಡು ಬಿಸಿ ಮಾಡಿದರೆ ಮೆತ್ತಗಾಯಿತು, ನಮ್ಮ ರೊಟ್ಟಿ ಬಿಸಿ ಮಾಡಿದರೆ ಗಡುಸಾಗುತ್ತದೆ. ಒಂದಕ್ಕೊಂದು ಹೀಗೆ ಎದುರುಬದುರು ನಿಂತ ಎರಡು ಸಂಗತಿಗೆ ಒಂದೇ ಹೆಸರು ಇಟ್ಟವರಿಗೆ ಹಂಚಿನ ಅನುಭವವೂ ಇಲ್ಲ, ಪುಸ್ತಕದ ಪರಿಚಯವೂ ಇಲ್ಲ.

ರೆಸಿಸ್ಟೆಂಟ್ ಸ್ಟಾರ್ಚ್ ಎಂಬ ಇನ್ನೊಂದು ಪದದ ಪಾಡೂ ಇದೇ. 1982ರಲ್ಲಿ ಹ್ಯಾನ್ಸ್ ಎಂಗ್ಲಿಸ್ಟ್ ಮತ್ತು ಸಂಗಡಿಗರು ಆಹಾರದ ನಾರನ್ನು ಅಳೆಯುತ್ತಿದ್ದಾಗ, ಜೀರ್ಣಕಾರಿ ಕಿಣ್ವಗಳಿಗೆ ಬಗ್ಗದೆ ಉಳಿಯುವ ಸ್ವಲ್ಪ ಪಿಷ್ಟ ಕಂಡಿತು. ಅದಕ್ಕೆ ಇಟ್ಟ ಹೆಸರು ಇದು. ಹತ್ತು ವರ್ಷದ ನಂತರ ಯುರೋಪಿನ ವಿಜ್ಞಾನಿಗಳು ಸೇರಿ ಅದರ ವ್ಯಾಖ್ಯೆ ಗಟ್ಟಿ ಮಾಡಿದರು. ಆರೋಗ್ಯವಂತರ ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ಉಳಿಯುವ ಪಿಷ್ಟ ಮತ್ತು ಪಿಷ್ಟದ ತುಣುಕುಗಳ ಒಟ್ಟು ಮೊತ್ತಕ್ಕೇ ಆ ಹೆಸರು. ಪ್ರಯೋಗಶಾಲೆಯಲ್ಲಿ ಅದನ್ನು ಗಡಿಯಾರ ಇಟ್ಟು ಅಳೆಯುತ್ತಾರೆ. ಕಿಣ್ವ ಬೆರೆಸಿದ 20 ನಿಮಿಷದೊಳಗೆ ಕರಗಿ ಗ್ಲುಕೋಸ್ ಆದದ್ದು ಬೇಗ ಅರಗುವ ಪಿಷ್ಟ, 20ರಿಂದ 120 ನಿಮಿಷದ ನಡುವೆ ಕರಗಿದ್ದು ನಿಧಾನ ಅರಗುವ ಪಿಷ್ಟ, ಆಮೇಲೂ ಉಳಿದದ್ದು ರೆಸಿಸ್ಟೆಂಟ್. ಹಲ್ಲಿಗೆ ಗಟ್ಟಿಯಾದದ್ದು ಕರುಳಿಗೂ ಗಟ್ಟಿ ಎಂಬ ಅರ್ಥ ಇದರಲ್ಲಿ ಎಲ್ಲಿಯೂ ಇಲ್ಲ. ರೊಟ್ಟಿಯನ್ನು ಅಗಿದಾಗ ಬಾಯಲ್ಲಿ ಬರುವ ಸದ್ದು ಕಿಣ್ವಕ್ಕೆ ಕೇಳಿಸುವುದಿಲ್ಲ. ಜೊಲ್ಲು ಬೆರೆತು, ಸಾರಿನಲ್ಲಿ ನೆನೆದು ಹೊಟ್ಟೆ ಸೇರುವ ಹೊತ್ತಿಗೆ ಖಡಕ್ ರೊಟ್ಟಿ ಮೆತ್ತಗಾಗಿಯೇ ಇರುತ್ತದೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಅದನ್ನು ಮುರಿದು ಬೇಳೆಯಲ್ಲೋ ಮೊಸರಿನಲ್ಲೋ ನೆನೆಸಿಯೇ ತಿನ್ನುತ್ತಾರೆ, ಆಗ ಹಲ್ಲಿಗೂ ಅದು ಗಟ್ಟಿಯಲ್ಲ.

ಎದುರು ಪಕ್ಷದವರಲ್ಲಿ ಸ್ವಲ್ಪ ಓದಿಕೊಂಡವರು ಇಲ್ಲಿ ಅಡ್ಡ ಬರುತ್ತಾರೆ: ಖಡಕ್ ಬಿಡಿ, ತಂಗಳ ರೊಟ್ಟಿ, ತಂಗಳನ್ನ ಇವುಗಳ ಮಾತೇನು? ನ್ಯಾಯವಾದ ಪ್ರಶ್ನೆ. ಅರಿವೆಯಲ್ಲಿ ಸುತ್ತಿಟ್ಟ ಮೆತ್ತನೆಯ ರೊಟ್ಟಿಯಲ್ಲಿ ನೀರು ಇರುತ್ತದೆ, ರಾತ್ರಿ ಕಳೆಯುವುದರೊಳಗೆ ಸ್ವಲ್ಪ ಹರಳುಗಟ್ಟುವುದೂ ನಿಜ. ಆದರೆ ಆ ‘ಸ್ವಲ್ಪ’ ಎಷ್ಟು? ಇಂಡೊನೇಷ್ಯಾದಲ್ಲಿ ಅನ್ನದ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಗತಾನೆ ಬೆಂದ 100 ಗ್ರಾಂ ಬಿಳಿ ಅನ್ನದಲ್ಲಿ 0.64 ಗ್ರಾಂ ರೆಸಿಸ್ಟೆಂಟ್ ಸ್ಟಾರ್ಚ್ ಇತ್ತು. ಅದನ್ನೇ 24 ತಾಸು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ 1.65 ಗ್ರಾಂ ಆಯಿತು. ಎರಡೂವರೆ ಪಟ್ಟು ಹೆಚ್ಚಳ ಎಂದು ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. 100 ಗ್ರಾಂ ಅನ್ನದಲ್ಲಿ ಒಂದೇ ಒಂದು ಗ್ರಾಂ ಹೆಚ್ಚಾಯಿತು ಎಂದು ಹೇಳಿದರೆ ತಟ್ಟುವುದಿಲ್ಲ. ಎರಡೂ ಒಂದೇ ಲೆಕ್ಕ. ಆ ಅಧ್ಯಯನದಲ್ಲಿ ಸಕ್ಕರೆಯ ಏರಿಕೆ ಕಡಿಮೆಯಾದದ್ದು ಹೌದು, ಆದರೆ ತಿಂದವರು 15 ಮಂದಿ ಆರೋಗ್ಯವಂತರು. ಅದನ್ನು ಹಿಡಿದುಕೊಂಡು ಇಪ್ಪತ್ತು ವರ್ಷದಿಂದ ಸಕ್ಕರಿ ಬ್ಯಾನಿ ಇರುವವರಿಗೆ ರೊಟ್ಟಿಯ ಚೀಟಿ ಬರೆದುಕೊಡಲು ಬರುವುದಿಲ್ಲ.

ಹೊರದೇಶಗಳ ನಿಯಮ ನೋಡಿ. ರೆಸಿಸ್ಟೆಂಟ್ ಸ್ಟಾರ್ಚ್ ಹೆಸರಿನಲ್ಲಿ ಆರೋಗ್ಯದ ಮಾತು ಆಡಬೇಕಾದರೆ ಯುರೋಪಿನಲ್ಲಿ ಒಂದು ಮಿತಿ ಇದೆ. ಆಹಾರದ ಒಟ್ಟು ಪಿಷ್ಟದಲ್ಲಿ ಕನಿಷ್ಠ ಶೇಕಡಾ 14 ರೆಸಿಸ್ಟೆಂಟ್ ಆಗಿರಬೇಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2016ರಲ್ಲಿ ಕೊಟ್ಟ ಅನುಮತಿ ಅಮೈಲೋಸ್ ಹೆಚ್ಚಿರುವ ವಿಶೇಷ ಮೆಕ್ಕೆಜೋಳದ ಪಿಷ್ಟಕ್ಕೆ ಮಾತ್ರ. ಅದಕ್ಕೂ “ಪುರಾವೆ ಸೀಮಿತ” ಎಂಬ ಅರ್ಥದ ಮಾತನ್ನು ಸೇರಿಸಿಯೇ ಹೇಳಬೇಕು. ಅಲ್ಲಿ ಅಳತೆ ಮೊದಲು, ಮಾತು ಆಮೇಲೆ. ನಮ್ಮಲ್ಲಿ ರೊಟ್ಟಿ ಮುರಿದಾಗ ಟಕ್ ಎಂದಿತೆ, ಪ್ರಮಾಣಪತ್ರ ಸಿಕ್ಕಂತೆ.

ಜೋಳದ ಹೆಸರಿನ ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ ಸಿಕ್ಕಿತು. ಅದು ಭೌಗೋಳಿಕ ಗುರುತು, ಆ ನೆಲದ ಕಪ್ಪು ಎರೆಮಣ್ಣಿಗೂ ಅಲ್ಲಿಯ ರೈತರಿಗೂ ಸಂದ ಗೌರವ. ಮಧುಮೇಹದವರ ಜಿಐ ಎಂದರೆ ಗ್ಲೈಸಿಮಿಕ್ ಇಂಡೆಕ್ಸ್. ಅದನ್ನು ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ತಂಡ 1981ರಲ್ಲಿ ರೂಪಿಸಿತು. ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿಸುತ್ತದೆ ಎಂಬುದರ ಅಳತೆ ಅದು. “ನಮ್ಮ ಜೋಳಕ್ಕ ಜಿಐ ಅದ, ಸರ್ಕಾರನ ಕೊಟ್ಟದ” ಎಂದು ಒಬ್ಬ ಕಲಿತ ಗೃಹಸ್ಥರು ಗಂಭೀರವಾಗಿ ನನಗೆ ತಿಳಿಹೇಳಿದ್ದಾರೆ. ಎರಡಕ್ಷರ ಒಂದೇ ಆದ ಮಾತ್ರಕ್ಕೆ ಮಂಗಳವೇಢೆಯ ಹೊಲಕ್ಕೂ ಟೊರಾಂಟೊದ ಆಸ್ಪತ್ರೆಗೂ ನಂಟಸ್ತನ ಬೆಳೆಸಿದ ಹಾಗಾಯಿತು.

ಹಾಗಾದರೆ ಜೋಳದಲ್ಲಿ ಏನೂ ಇಲ್ಲವೆ? ಇದೆ. ಜೋಳದ ಪಿಷ್ಟದ ಕಣಗಳ ಸುತ್ತ ಕಾಫಿರಿನ್ ಎಂಬ ಪ್ರೋಟೀನಿನ ಕವಚ ಇರುತ್ತದೆ. ಬೇಯಿಸಿದಾಗ ಅದು ಇನ್ನಷ್ಟು ಬಿಗಿಯಾಗಿ ಕಿಣ್ವಗಳ ದಾರಿಗೆ ಸ್ವಲ್ಪ ಅಡ್ಡವಾಗುತ್ತದೆ. ಜೋಳದ ಆಹಾರಗಳು ಅನ್ನಕ್ಕಿಂತ ಸ್ವಲ್ಪ ನಿಧಾನವಾಗಿ ಅರಗುವುದಕ್ಕೆ ಇದೊಂದು ಕಾರಣ. ಗಮನಿಸಬೇಕಾದ್ದು, ಈ ಗುಣ ಮೆತ್ತನೆಯ ರೊಟ್ಟಿಗೂ ಉಂಟು, ಸಂಗಟಿಗೂ ಉಂಟು. ಒಣಗಿಸಿದ್ದರಿಂದ ಬಂದದ್ದಲ್ಲ. ಮೇಲಾಗಿ ‘ಸ್ವಲ್ಪ ನಿಧಾನ’ ಎಂದರೆ ‘ಅರಗುವುದಿಲ್ಲ’ ಎಂದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೊಹೈಡ್ರೇಟ್, 10 ಗ್ರಾಂ ನಾರು ಇದೆ. ಇಡೀ ಗೋಧಿಯ ಹಿಟ್ಟಿನಲ್ಲಿ ಸುಮಾರು 64 ಗ್ರಾಂ ಕಾರ್ಬೊಹೈಡ್ರೇಟ್, 11 ಗ್ರಾಂ ನಾರು. ಚಪಾತಿಯನ್ನು ವಿಷ ಎಂದು, ರೊಟ್ಟಿಯನ್ನು ಅಮೃತ ಎಂದು ಸಾರುವವರು ಈ ನಾಲ್ಕು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕಕ್ಕೆ ಬರೆದುಕೊಳ್ಳಲಿ.

ತೂಕದ ಲೆಕ್ಕಕ್ಕೆ ಬಂದರೆ ಖಡಕ್ ರೊಟ್ಟಿಯ ಸ್ಥಿತಿ ಇನ್ನೂ ಕಷ್ಟ. ಮೆತ್ತನೆಯ ರೊಟ್ಟಿಯ ತೂಕದಲ್ಲಿ ದೊಡ್ಡ ಪಾಲು ನೀರು. 100 ಗ್ರಾಂ ಮೆತ್ತನೆಯ ರೊಟ್ಟಿಗಿಂತ 100 ಗ್ರಾಂ ಖಡಕ್ ರೊಟ್ಟಿಯಲ್ಲಿ ಪಿಷ್ಟ ಹೆಚ್ಚೇ ಇರುತ್ತದೆ, ಬೇರೆ ಆಗಲು ಸಾಧ್ಯವೇ ಇಲ್ಲ. ಮೆತ್ತನೆಯದು ಎರಡು ತಿಂದರೆ ಹೊಟ್ಟೆ ತುಂಬಿತು ಎನಿಸುತ್ತದೆ. ತೆಳ್ಳಗೆ, ಹಗುರಾಗಿ ಇರುವ ಖಡಕ್ ರೊಟ್ಟಿ ಚಟ್ನಿ, ಮೊಸರಿನ ಜೊತೆ ಮಾತಾಡುತ್ತ ಮಾತಾಡುತ್ತ ನಾಲ್ಕೈದು ಹೋಗಿಬಿಡುತ್ತದೆ. ಅದರ ಮೇಲೆ ಶುಗರ್ ಏರುವುದಿಲ್ಲ ಎಂಬ ಅಭಯವೂ ಸಿಕ್ಕಿದರೆ ಇನ್ನೊಂದಕ್ಕೆ ಕೈ ಹೋಗದೆ ಇರುತ್ತದೆಯೆ? ಗುಳಿಗೆ ಬಿಟ್ಟು ರೊಟ್ಟಿ ಹಿಡಿದವರನ್ನು ಕಂಡಿದ್ದೇನೆ. ತಪಾಸಣೆಯಲ್ಲಿ ಅಂಕಿ ಏರಿದ್ದು ಕಂಡಾಗ ಅವರು ಬೈದದ್ದು ಚಹಾದ ಸಕ್ಕರೆಯನ್ನು. ರೊಟ್ಟಿಯ ಮೇಲೆ ಸಂಶಯ ಬರಲೇ ಇಲ್ಲ. ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು. ಇಷ್ಟು ಜನರ ಕಿವಿಗೆ ಬೀಳುವ ಮಾತು ಇದು ಎಂಬ ಎಚ್ಚರ ಆಡುವವರಿಗೆ ಇರಬೇಕು.

“ಹಿರಿಯರು ಸುಮ್ಮನೆ ಮಾಡಿದರೇನು? ಅವರಿಗೆ ಎಲ್ಲ ಗೊತ್ತಿತ್ತು.” ಈ ಬ್ರಹ್ಮಾಸ್ತ್ರವೂ ಬರುತ್ತದೆ. ಹಿರಿಯರು ಸುಮ್ಮನೆ ಮಾಡಲಿಲ್ಲ, ನಿಜ. ರೊಟ್ಟಿಯನ್ನು ಒಣಗಿಸಿದ್ದು ಕೆಡದೆ ಉಳಿಯಲಿ ಎಂದು. ಹಿಂಗಾರಿ ಜೋಳದ ಸುಗ್ಗಿಯಲ್ಲಿ ದಿನವೂ ಒಲೆ ಹಚ್ಚಲು ಪುರುಸೊತ್ತು ಇರುತ್ತಿರಲಿಲ್ಲ. ಸಂಕ್ರಾಂತಿಗೆ ಸೋಲಾಪುರದ ಸಿದ್ಧೇಶ್ವರನ ಗಡ್ಡೆಯ ಜಾತ್ರೆಗೆ ಬಂಡಿ ಕಟ್ಟುವವರಿಗೆ, ಪಂಢರಪುರದ ದಾರಿ ನಡೆಯುವವರಿಗೆ ನಾಲ್ಕಾರು ದಿನದ ಬುತ್ತಿ ಬೇಕಿತ್ತು. ಬರದ ಸೀಮೆಯ ಜಾಣತನ ಅದು, ಅದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅವರ ತಲೆಯಲ್ಲಿ ಮಧುಮೇಹ ಇರಲಿಲ್ಲ. ಆ ಕಾಲದಲ್ಲಿ ಐದು ರೊಟ್ಟಿ ತಿಂದವರು ನೇಗಿಲ ಹಿಂದೆ, ಕುಂಟೆಯ ಹಿಂದೆ ಹೊತ್ತು ಮುಳುಗುವ ತನಕ ನಡೆದರು. ತಿಂದ ಗ್ಲುಕೋಸು ಅವರ ತೊಡೆ, ತೋಳುಗಳಲ್ಲಿ ಉರಿದುಹೋಯಿತು. ಅವರ ಐದು ರೊಟ್ಟಿಯನ್ನು ಮಾತ್ರ ಉಳಿಸಿಕೊಂಡು ಅವರ ನಡಿಗೆಯನ್ನು ಬಿಟ್ಟವರು, ನಡುವಿನ ಅಂತರ ತುಂಬಲು ರಸಾಯನಶಾಸ್ತ್ರವನ್ನು ಕರೆಯುತ್ತಿದ್ದಾರೆ.

ಕೊನೆಯ ಆಕ್ಷೇಪಣೆಗೆ ಮಾತ್ರ ನಿಂತು ಉತ್ತರ ಕೊಡಬೇಕು, ಏಕೆಂದರೆ ಅದನ್ನು ಎತ್ತುವವರ ಮೇಲೆ ನನಗೆ ಗೌರವವಿದೆ. ಸೋಲಾಪುರದಲ್ಲಿ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮನೆ ನಡೆಯುವುದು ಈ ರೊಟ್ಟಿಯ ಮೇಲೆ. ಬೆಳಗಿನ ಜಾವ ಎದ್ದು ಹೊಗೆ, ಉರಿಯ ಎದುರು ಕೂತು ಬಡಿಯುವ ಕೈಗಳವು. ಒಂದು ಸುಳ್ಳಿನಿಂದ ಅವರಿಗೆ ನಾಲ್ಕು ಕಾಸು ಹೆಚ್ಚು ಬಂದರೆ ನಿಮಗೇನು ನಷ್ಟ ಎಂದು ಕೇಳುತ್ತಾರೆ. ನಷ್ಟ ಆಗುವುದು ಅವರಿಗೇ. ರೊಟ್ಟಿಯನ್ನು ಔಷಧವೆಂದು ಮಾರತೊಡಗಿದ ದಿನದಿಂದ ಗಿರಾಕಿ ಅದರ ರುಚಿಗೆ, ತೆಳುವಿಗೆ, ಅಂಚು ಸೀಳದಂತೆ ಬಡಿದ ಕೈಗೆ ಬೆಲೆ ಕೊಡುವುದನ್ನು ಬಿಡುತ್ತಾನೆ. ಔಷಧದ ಪೇಟೆಯಲ್ಲಿ ಗೆಲ್ಲುವುದು ಜಾಹೀರಾತಿಗೆ ದುಡ್ಡಿರುವವನು. ಇಂದು ಖಡಕ್ ರೊಟ್ಟಿ, ನಾಳೆ ಇನ್ಯಾವುದೋ ಕಾರ್ಖಾನೆಯ ಬಿಸ್ಕೀಟು ಅದೇ ಪದವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಬರುತ್ತದೆ. ಆಗ ಬಡಿಯುವ ಕೈಗಳ ಹತ್ತಿರ ಹೇಳಲು ಏನೂ ಉಳಿದಿರುವುದಿಲ್ಲ. ಕಾಯಿದೆಯ ತೊಂದರೆ ಬೇರೆ. ರೋಗ ವಾಸಿಮಾಡುವ ಮಾತನ್ನು ಆಹಾರದ ಪೊಟ್ಟಣದ ಮೇಲೆ ಹಾಕದಂತೆ 2018ರ ಆಹಾರ ಸುರಕ್ಷತಾ ನಿಯಮಗಳು ತಡೆಯುತ್ತವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಲ್ಲಿ ಯಾವ ಯಾವ ರೋಗಗಳ ಔಷಧಕ್ಕೆ ಜಾಹೀರಾತು ಕೂಡದೋ ಆ ಪಟ್ಟಿಯಲ್ಲಿ ಮಧುಮೇಹವೂ ಇದೆ. ನೋಟೀಸು ಬಂದರೆ ಅದು ಬರುವುದು ಪೊಟ್ಟಣದ ಮೇಲೆ ಹೆಸರಿರುವ ಮಹಿಳಾ ಗುಂಪಿಗೆ. ವಾಟ್ಸಾಪಿನಲ್ಲಿ ಪದ ಹಂಚಿದ ಮಹಾಶಯರಿಗೆ ಬರುವುದಿಲ್ಲ.

ಪೊಟ್ಟಣದ ಮೇಲೆ ಬರೆಯಲು ನಿಜವಾದದ್ದೇ ಬೇಕಾದಷ್ಟಿದೆ. ಯಾವ ಜೋಳ ಎಂದು ಬರೆಯಲಿ. ಮಾಲದಂಡಿ ಎಂದರೆ ತಿಳಿದ ಗಿರಾಕಿ ಎರಡು ರೂಪಾಯಿ ಹೆಚ್ಚು ಕೊಡುತ್ತಾನೆ, ಸೋಲಾಪುರ ಜಿಲ್ಲೆಯದೇ ಆದ ಮೋಹೋಳದಲ್ಲಿ ಆ ನಾಡತಳಿಯಿಂದ ಆಯ್ದು ಬೆಳೆಸಿದ ಎಂ 35-1ರ ಹೆಸರು ಕರ್ನಾಟಕದ ಹಿಂಗಾರಿ ಹೊಲಗಳಲ್ಲೂ ಗೊತ್ತು. ಬಡಿದ ತಾರೀಖು ಬರೆಯಲಿ, ಯಾವ ಊರಿನದು ಎಂದು ಬರೆಯಲಿ. ಮಧುಮೇಹ ಇರುವವರಿಗೆ ನಿಜಕ್ಕೂ ಉಪಕಾರ ಮಾಡಬೇಕಿದ್ದರೆ ಒಂದು ರೊಟ್ಟಿಗೆ ಎಷ್ಟು ಗ್ರಾಂ ಹಿಟ್ಟು ಹಿಡಿದಿದೆ ಎಂದು ಹಾಕಲಿ. 50 ಗ್ರಾಂ ಹಿಟ್ಟಿನದಾದರೆ ಅದರಲ್ಲಿ ಸುಮಾರು 34 ಗ್ರಾಂ ಕಾರ್ಬೊಹೈಡ್ರೇಟ್ ಎಂದು ತಿನ್ನುವವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಒಂದೇ ತಿಂದು, ಜೊತೆಗೆ ಮಟಕಿ ಕಾಳಿನ ಪಲ್ಯವನ್ನೋ ಪುಂಡಿಪಲ್ಯವನ್ನೋ ಹೆಚ್ಚು ಬಡಿಸಿಕೊಳ್ಳುವುದು, ಗುಳಿಗೆ ಬಿಡದೆ ಇರುವುದು ಅವರ ಕೈಯಲ್ಲಿದೆ.